ಡಯಾಲಿಸಿಸ್‌ಗೆ ರಕ್ತನಾಳ ಸಿಗದಿದ್ದರೆ?

ಡಯಾಲಿಸಿಸ್ ಬೇಕು ಎಂದ ಕೂಡಲೇ ಮನೆಯವರು ಕೇಳುವುದು ಯಂತ್ರ ಎಲ್ಲಿದೆ, ಖರ್ಚೆಷ್ಟು ಎಂದು. ರಕ್ತವನ್ನು ಮೈಯಿಂದ ಹೊರಗೆ ತರುವುದು ಹೇಗೆಂದು ಕೇಳುವವರು ಕಡಿಮೆ. ಎಷ್ಟೋ ಸಲ ತೊಡಕಾಗುವುದು ಅಲ್ಲಿಯೇ.

ಯಂತ್ರಕ್ಕೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಹರಿದು ಬರಬೇಕು. ಗ್ಲೂಕೋಸ್ ಹಾಕುವ ಸಣ್ಣ ನಾಳದಿಂದ ಇದಾಗದು. ಕೈಯಲ್ಲಿ ಅಪಧಮನಿಗೆ ಅಭಿಧಮನಿಯನ್ನು ಜೋಡಿಸುವ ಫಿಸ್ಟುಲಾ ಎಲ್ಲಕ್ಕಿಂತ ಒಳ್ಳೆಯದು. ಆದರೆ ಅದು ಬಲಿಯಲು 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಕುತ್ತಿಗೆಯ ಅಥವಾ ತೊಡೆಸಂದಿನ ದೊಡ್ಡ ಅಭಿಧಮನಿಯೊಳಗೆ ಕ್ಯಾಥೆಟರ್ ಎಂಬ ನಳಿಕೆ ಇಡುತ್ತಾರೆ.

ಮೊದಲೆಲ್ಲ ಮೈಮೇಲಿನ ಗುರುತು ಹಿಡಿದು, ಮಿಡಿತ ಮುಟ್ಟಿ ನೋಡಿ ಅಂದಾಜಿನ ಮೇಲೆ ಸೂಜಿ ಚುಚ್ಚುತ್ತಿದ್ದರು. ಪಳಗಿದ ಕೈಗೆ ಸಾಮಾನ್ಯವಾಗಿ ನಾಳ ಸಿಗುತ್ತಿತ್ತು. ಆದರೆ ಎಲ್ಲರ ಕುತ್ತಿಗೆಯೂ ಒಂದೇ ಸಮ ಇರುವುದಿಲ್ಲವಲ್ಲ! ಗುರಿ ತಪ್ಪಿದರೆ ಅಪಧಮನಿಗೆ ಚುಚ್ಚಿ ರಕ್ತಸ್ರಾವವಾಗಬಹುದು, ಶ್ವಾಸಕೋಶಕ್ಕೆ ತಗುಲಿ ಎದೆಗೂಡಿನಲ್ಲಿ ಗಾಳಿ ತುಂಬಬಹುದು.

ಬಸುರಿಯರಿಗೆ ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನ್ ಇಲ್ಲಿ ನೆರವಿಗೆ ಬರುತ್ತದೆ. ಸ್ಕ್ಯಾನಿನ ಹಿಡಿಯನ್ನು ಮೆಲ್ಲಗೆ ಒತ್ತಿದರೆ ಅಭಿಧಮನಿ ಚಪ್ಪಟೆಯಾಗುತ್ತದೆ. ಅಪಧಮನಿ ಮಿಡಿಯುತ್ತ ದುಂಡಗೇ ಉಳಿಯುತ್ತದೆ. ಒಳಗೆ ಹೆಪ್ಪುಗಟ್ಟಿದ್ದರೆ ಅಭಿಧಮನಿಯೂ ಚಪ್ಪಟೆಯಾಗದು. ಸೂಜಿ ಒಳಗೆ ಹೋಗುವುದನ್ನು ಪರದೆಯ ಮೇಲೆ ನೋಡುತ್ತಲೇ ಕೆಲಸ ಮುಗಿಸಬಹುದು. ಬ್ರಿಟನ್ನಿನ ನೈಸ್ ಸಂಸ್ಥೆ ಕುತ್ತಿಗೆಯ ನಳಿಕೆಗೆ ಈ ವಿಧಾನವನ್ನು 2002ರಲ್ಲೇ ಶಿಫಾರಸು ಮಾಡಿತು.

ಹಲವು ಸಲ ನಳಿಕೆ ಹಾಕಿಸಿಕೊಂಡವರ ಪಾಡು ಬೇರೆ. ಅವರ ನಾಳ ಎದೆಯ ಒಳಭಾಗದಲ್ಲಿ ಕಿರಿದಾಗಿರಬಹುದು. ಮೂಳೆಯ ಮರೆಯಲ್ಲಿರುವ ಅದು ಸ್ಕ್ಯಾನಿಗೆ ಕಾಣುವುದಿಲ್ಲ. ಆಗ ಬಣ್ಣದ ಔಷಧಿ ಹರಿಸಿ, ಎಕ್ಸ್‌ರೇ ಪರದೆಯಲ್ಲಿ ದಾರಿ ನೋಡಿಕೊಂಡು ತಂತಿಯ ಮೇಲೆ ನಳಿಕೆ ಇಳಿಸಬೇಕು. ಬೇಕಾದರೆ ಬಲೂನಿನಿಂದ ನಾಳ ಹಿಗ್ಗಿಸುತ್ತಾರೆ. ರಾಜ್ಯದಲ್ಲಿ ಡಯಾಲಿಸಿಸ್ ತಾಲ್ಲೂಕು ಆಸ್ಪತ್ರೆಗಳವರೆಗೂ ಬಂದಿದೆ, ನಿಜ. ಆದರೆ ಇಂಥ ಕೆಲಸಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಯವರು ಶಿವಮೊಗ್ಗಕ್ಕೋ ಘಟ್ಟ ಇಳಿದು ಮಣಿಪಾಲಕ್ಕೋ ಹೋಗಬೇಕಾಗಬಹುದು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚುವುದೂ ಉಂಟು. ಕ್ರಿಯಾಟಿನಿನ್ ಏರುತ್ತಿದೆ ಎಂದು ವೈದ್ಯರು ಹೇಳಿದಾಗಲೇ ಫಿಸ್ಟುಲಾ ವಿಷಯ ಕೇಳಿ. ಹೆಚ್ಚು ಬಳಸದ ಕೈಯನ್ನು, ಸಾಮಾನ್ಯವಾಗಿ ಎಡಗೈಯನ್ನು, ಅದಕ್ಕೆಂದೇ ಕಾಪಾಡಿಕೊಳ್ಳಿ. ರಕ್ತ ತೆಗೆಯಲು, ಡ್ರಿಪ್ ಹಾಕಲು ಬಂದವರಿಗೆ ಆ ಕೈ ಬೇಡವೆನ್ನಿ. ಹಾಗೆ ಹೇಳಲು ಸಂಕೋಚ ಬೇಡ.

ನಳಿಕೆ ಇರುವಾಗ ಬಚ್ಚಲಲ್ಲಿ ಹಂಡೆಯ ನೀರು ತಲೆಯ ಮೇಲೆ ಹೊಯ್ದುಕೊಳ್ಳುವಂತಿಲ್ಲ; ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಮಳೆಯಲ್ಲಿ ಪಟ್ಟಿ ನೆನೆದರೆ ಅಂದೇ ಬದಲಾಯಿಸಿಸಿ. ಚಳಿಜ್ವರ ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಕಾಯಬೇಡಿ, ಸೋಂಕು ರಕ್ತಕ್ಕೆ ಇಳಿದಿರಬಹುದು. ಮುಖ ಅಥವಾ ಕೈ ಊದಿಕೊಂಡರೂ ತೋರಿಸಿ. ನಳಿಕೆ ಅಕಸ್ಮಾತ್ ಹೊರಬಂದರೆ ರೋಗಿಯನ್ನು ಮಲಗಿಸಿ, ಆ ಜಾಗವನ್ನು ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದುಕೊಂಡೇ ಹತ್ತಿರದ ಆಸ್ಪತ್ರೆಗೆ ಕರೆತನ್ನಿ.