ಹಾಲಿನ ಗಾಡಿ ಝಟಕಾ ಹೊಡೆದರೆ: ರೋಗ ಹುಡುಕುವ ಬಗೆ



ದನದ ಡಾಕ್ಟರು ಗಾಡಿಯ ಬಗ್ಗೆ ಏಕೆ ಬರೆಯುತ್ತಾರೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಕೆಚ್ಚಲಿನಿಂದ ಬಂದ ಹಾಲು ಬೆಚ್ಚಗಿರುತ್ತದೆ. ಅದರಲ್ಲಿನ ಸೂಕ್ಷ್ಮಾಣುಗಳು ಅನುಕೂಲ ಸಿಕ್ಕರೆ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ. ಅಂದರೆ ಗಾಡಿ ಎರಡು ತಾಸು ದಾರಿಯಲ್ಲಿ ನಿಂತರೆ ಒಂದಕ್ಕೆ ಹದಿನಾರು! ತಿಕೋಟಾ, ಬಬಲೇಶ್ವರ ಕಡೆಯಿಂದ ವಿಜಯಪುರದ ದಾರಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕ್ಯಾನಿನಲ್ಲಿ ಹಾಲು ಕಳಿಸುವ ಸಂಘಕ್ಕೆ ಹಳೆಯ ಗಾಡಿಯ ಆರೋಗ್ಯವೂ ಎಮ್ಮೆಯ ಆರೋಗ್ಯದಷ್ಟೇ ಮುಖ್ಯ.

ಇಲ್ಲಿ ಹೇಳಿರುವುದು ಹಳೆಯ ಮಾದರಿಯ ಡೀಸೆಲ್ ಗಾಡಿಗಳಿಗೆ ಮಾತ್ರ. ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಹೊಸ ಗಾಡಿಗಳ ಡೀಸೆಲ್ ಪೈಪನ್ನು ನೀವು ಬಿಚ್ಚಬಾರದು.

ಮೊದಲು ವಿಚಾರಣೆ

ದನ ಮೇವು ಬಿಟ್ಟಾಗ ನಾವು ಕೂಡಲೇ ಸೂಜಿ ಚುಚ್ಚುವುದಿಲ್ಲ. ಯಾವಾಗಿನಿಂದ, ಏನು ತಿಂದ ಮೇಲೆ ಎಂದು ಕೇಳುತ್ತೇವೆ. ಗಾಡಿಗೂ ಹಾಗೆಯೇ. ಡ್ರೈವರನನ್ನು ಕೇಳಿರಿ:

1. ಎಕ್ಸಿಲೇಟರ್ ತುಳಿದರೂ ಗಾಡಿ ಜಗ್ಗುವುದಿಲ್ಲವೋ, ಅಥವಾ ಕಾಲು ಅಲುಗಿಸದಿದ್ದರೂ ರೇಸ್ ತಾನೇ ಏರಿ ಇಳಿಯುತ್ತದೆಯೋ?
2. ಯಾವಾಗಲೂ ಹೀಗೆಯೋ, ಕ್ಯಾನು ತುಂಬಿ ಏರು ಹತ್ತುವಾಗ ಮಾತ್ರವೋ?
3. ಡೀಸೆಲ್ ಹಾಕಿಸಿದ ಮೇಲೆ, ಟ್ಯಾಂಕ್ ಖಾಲಿಯಾದ ಮೇಲೆ ಅಥವಾ ಏನಾದರೂ ಬಿಚ್ಚಿ ಕೂಡಿಸಿದ ಮೇಲೆ ಶುರುವಾಯಿತೇ?

ಹೊಗೆಯನ್ನೂ ನೋಡಿರಿ. ಭಾರ ಎಳೆಯುವಾಗ ಕರಿ ಹೊಗೆ ಬಂದರೆ ಹೆಚ್ಚಾಗಿ ಗಾಳಿಯ ಕೊರತೆ. ಹೊಗೆಯೇ ಇಲ್ಲದೆ ಶಕ್ತಿ ಕಡಿಮೆಯಾದರೆ ಡೀಸೆಲ್ ಸಾಕಷ್ಟು ಸಿಗುತ್ತಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬಂದು ತಪ್ಪು ಹೊಡೆದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ.

ಆಮೇಲೆ ಪರೀಕ್ಷೆ: ಖರ್ಚಿಲ್ಲದ್ದರಿಂದ ಆರಂಭಿಸಿ

1. ಟ್ಯಾಂಕಿನ ಮುಚ್ಚಳ: ಗಾಡಿ ತೊಂದರೆ ಕೊಡುವಾಗಲೇ ನಿಲ್ಲಿಸಿ ಮುಚ್ಚಳ ಸಡಿಲಿಸಿರಿ. ಒಳಗೆ ಗಾಳಿ ಎಳೆದ ಸದ್ದಾಗಿ ಎಂಜಿನ್ ಸರಿಹೋದರೆ ಗಾಳಿ ರಂಧ್ರ ಧೂಳಿನಿಂದ ಕಟ್ಟಿದೆ.

2. ನೀರು: ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಸ್ವಲ್ಪ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಬಿಡಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

3. ಏರ್ ಕ್ಲೀನರ್: ನಮ್ಮ ಎರಿ ಮಣ್ಣಿನ ಧೂಳು ಬಲು ನುಣುಪು. ಎಣ್ಣೆ ಬಟ್ಟಲಿನ ಕ್ಲೀನರ್ ಇದ್ದರೆ ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿರಿ.

4. ಡೀಸೆಲ್ ಫಿಲ್ಟರ್: ಏರಿನಲ್ಲಿ ಮಾತ್ರ ಜಗ್ಗದಿದ್ದರೆ ಇದರ ಮೇಲೆ ಸಂಶಯ ಪಡಿರಿ. ಸಪಾಟು ರಸ್ತೆಗೆ ಸಾಲುವ ಡೀಸೆಲ್ ಭಾರಕ್ಕೆ ಸಾಲದು.

5. ಗಾಳಿ ಸೇರಿಕೆ: ರೇಸ್ ಏರಿಳಿಯಲು ಇದು ಸಾಮಾನ್ಯ ಕಾರಣ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ಹೀರಿಕೆಯಿಂದ ಬರುತ್ತದೆ. ಅಲ್ಲಿ ಸಂದು ಬಿಟ್ಟರೆ ಡೀಸೆಲ್ ಹೊರಗೆ ಸೋರದೆಯೇ ಗಾಳಿ ಒಳಗೆ ನುಗ್ಗುತ್ತದೆ. ಎಂಜಿನ್ ನಿಲ್ಲಿಸಿ, ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಕೈಪಂಪ್ ಹೊಡೆಯಿರಿ. ಗುಳ್ಳೆ ನಿಂತು ಡೀಸೆಲ್ ಧಾರೆಯಾಗಿ ಬಂದಾಗ ತಿರುಪು ಬಿಗಿಯಿರಿ. ಮರುದಿನ ಮತ್ತೆ ಗುಳ್ಳೆ ಬಂದರೆ ಸಂದು ಇನ್ನೂ ಇದೆ ಎಂದೇ ಅರ್ಥ.

ಇಷ್ಟಾದರೂ ಸಂಶಯವಿದ್ದರೆ ಮಿಸ್ತ್ರಿಯಿಂದ ಫೀಡ್ ಪಂಪಿಗೆ ಬೇರೆ ಪೈಪ್ ಹಾಕಿಸಿ, ಶುದ್ಧ ಡೀಸೆಲ್ ಇರುವ ಡಬ್ಬಿಯಿಂದ ಎಂಜಿನ್ ನಡೆಸಿ ನೋಡಿರಿ. ಸರಿಯಾಗಿ ನಡೆದರೆ ದೋಷ ಟ್ಯಾಂಕ್ ಅಥವಾ ಅದರ ಪೈಪಿನಲ್ಲಿ. ನಡೆಯದಿದ್ದರೆ ಮಾತ್ರ ಗವರ್ನರ್, ಪಂಪ್, ಇಂಜೆಕ್ಟರ್‌ಗಳ ಪರೀಕ್ಷೆಗೆ ಹೋಗಿರಿ.

ನಾನು ಕಂಡ ಒಂದು ಗಾಡಿ

ತಿಕೋಟಾ ಕಡೆಯ ಒಂದು ಹಾಲಿನ ಗಾಡಿ ಹೀಗೆಯೇ ಏರಿಳಿಯುತ್ತಿತ್ತು. ಮಾಲೀಕರು ಸಾಲ ಮಾಡಿ ಇಂಜೆಕ್ಟರ್ ಬದಲಿಸಿದರು. ಝಟಕಾ ನಿಲ್ಲಲಿಲ್ಲ. ಒಂದು ಮುಂಜಾನೆ ದಾರಿಯಲ್ಲೇ ನಿಂತು ಹಾಲು ಒಡೆಯಿತು. ಕೊನೆಗೆ ವಿಚಾರಿಸಿದಾಗ ತಿಳಿಯಿತು: ಫೀಡ್ ಪಂಪಿನ ಜಾಲರಿ ಬಟ್ಟಲು ತೊಳೆದ ಮರುದಿನವೇ ತೊಂದರೆ ಶುರುವಾಗಿತ್ತು. ಬಟ್ಟಲಿಗೆ ಹಳೆಯ, ಗಟ್ಟಿಯಾದ ರಬ್ಬರ್ ವಾಷರನ್ನೇ ಮತ್ತೆ ಹಾಕಿದ್ದರು. ಹೊಸ ವಾಷರ್ ಹಾಕಿ ಗಾಳಿ ತೆಗೆದರು, ಗಾಡಿ ನೆಟ್ಟಗಾಯಿತು. ಮೊದಲೇ ಒಂದು ಪ್ರಶ್ನೆ ಕೇಳಿದ್ದರೆ ಸಾಲವೂ ಉಳಿಯುತ್ತಿತ್ತು, ಹತ್ತಾರು ಮನೆಗಳ ಹಾಲೂ ಉಳಿಯುತ್ತಿತ್ತು.

ಎಚ್ಚರಿಕೆ

- ಕೆಲಸ ಮಾಡುವಾಗ ಬೀಡಿ, ಬೆಂಕಿ ಹತ್ತಿರ ಬೇಡ.
- ಇಂಜೆಕ್ಟರಿನ ತುಂತುರಿಗೆ ಕೈ ಒಡ್ಡಬೇಡಿರಿ. ಅದು ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಸಣ್ಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿರಿ.
- ಗಾಡಿ ನಿಂತರೆ ಮೊದಲು ಕ್ಯಾನುಗಳನ್ನು ನೆರಳಿಗೆ ಇಳಿಸಿ, ಹಸಿ ಗೋಣಿಚೀಲ ಹೊದಿಸಿ, ಬೇರೆ ಗಾಡಿಗೆ ಫೋನ್ ಮಾಡಿರಿ.
- ಹಾಲು ಉಳಿಸಲೆಂದು ಸೋಡಾ ಹಾಕುವುದು ಕಲಬೆರಕೆ. ಅದನ್ನು ಎಂದೂ ಮಾಡಬೇಡಿರಿ.

ಬರುವ ಸಂಘದ ಸಭೆಯಲ್ಲಿ ನಿಮ್ಮ ಮಾರ್ಗದ ಗಾಡಿಯ ಫಿಲ್ಟರ್ ಯಾವಾಗ ಬದಲಾಯಿತೆಂದು ಕೇಳಿರಿ. ಉತ್ತರವನ್ನು ತಾರೀಖಿನೊಡನೆ ಬರೆದಿಡಿರಿ. ದನಕ್ಕೆ ಲಸಿಕೆಯ ಚೀಟಿ ಇದ್ದಂತೆ ಗಾಡಿಗೂ ಒಂದು ಚೀಟಿ ಇರಲಿ.