ಆರು ಪಂದ್ಯ, ಸೊನ್ನೆ ಗೋಲು

ತಮ್ಮಾ, ಸುನಿಲ್ ಛೆಟ್ರಿ 2016ರಲ್ಲಿ ಮುಂಬೈ ಸಿಟಿ ತಂಡಕ್ಕೆ ಲೋನ್ ಮೇಲೆ ಹೋಗಿದ್ದು ಶುದ್ಧ ದಂಡ ಅಂತ ನೀನೂ ನಿನ್ನ ಗೆಳೆಯರೂ ತೀರ್ಪು ಕೊಟ್ಟಾಗಿದೆ. ಆರು ಪಂದ್ಯ, ಒಂದೂ ಗೋಲಿಲ್ಲ. ಅಂಕಿ ಸರಿಯಾಗೇ ಇದೆ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಮೊಬೈಲಿನಲ್ಲಿ ಎರಡು ಅಂಕಿ ಕಂಡಿದ್ದೇ ತಡ, ಒಬ್ಬ ಹಿರಿಯ ಆಟಗಾರನ ಇಡೀ ಹಂಗಾಮನ್ನು ಅಳೆದು ಬದಿಗಿಟ್ಟಿರಲ್ಲ, ಅದಕ್ಕೆ ಈ ನಾಲ್ಕು ಮಾತು. ಹೇಳಲೇಬೇಕಾದ ಕಾರಣ ಇನ್ನೂ ಒಂದಿದೆ. ಈ ಸಲ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ನಮ್ಮ ಚಂದಗುಳಿ ತಂಡಕ್ಕೂ ಹೊರಗಿನಿಂದ ಒಬ್ಬ ಹಳೇ ಹುಲಿಯನ್ನು ಕರೆಸುವ ಮಾತು ನಡೆದಿದೆಯಂತೆ. ಆ ಹುಲಿಯನ್ನೂ ನೀವು ಹೀಗೇ ಅಳೆಯುತ್ತೀರಿ ಎಂಬ ಭಯ ನನಗೆ.

ಮೊದಲು ಆ ಕಾಲದ ಪದ್ಧತಿ ತಿಳಿದುಕೊ. ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಶುರುವಾದಾಗ ಅದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಸಣ್ಣ ಹಂಗಾಮು. ಅದು ಮುಗಿದ ಮೇಲೆ ಜನವರಿಯಿಂದ ಐ-ಲೀಗ್. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ಸಲವೇ ಐ-ಲೀಗ್ ಗೆದ್ದ ತಂಡವಾದರೂ ಸೂಪರ್ ಲೀಗಿಗೆ ಕಾಲಿಟ್ಟಿದ್ದು 2017ರಲ್ಲಿ. ಹಾಗಾಗಿ ನಡುವಿನ ವರ್ಷಗಳಲ್ಲಿ ಛೆಟ್ರಿಯೂ ಸೇರಿ ಅದರ ಆಟಗಾರರು ಬಿಡುವಿನ ತಿಂಗಳುಗಳಲ್ಲಿ ಬೇರೆ ತಂಡಗಳಿಗೆ ಆಡಿ ಮರಳುತ್ತಿದ್ದರು. 2015ರ ಜುಲೈ ಹರಾಜಿನಲ್ಲಿ ಮುಂಬೈಯವರು ಛೆಟ್ರಿಗೆ ಕೂಗಿದ್ದು 1 ಕೋಟಿ 20 ಲಕ್ಷ. ಆ ದಿನದ ಅತಿ ದೊಡ್ಡ ಬೆಲೆ ಅದೇ.

ಮೊದಲ ವರ್ಷ ಅವರು ಆಡಿದ್ದು 11 ಪಂದ್ಯ, ಹೊಡೆದಿದ್ದು 7 ಗೋಲು. ನಾರ್ತ್‌ಈಸ್ಟ್ ಯುನೈಟೆಡ್ ಮೇಲೆ ಹೊಡೆದ ಮೂರು ಗೋಲು ಆ ಲೀಗಿನಲ್ಲಿ ಭಾರತೀಯನೊಬ್ಬನ ಮೊದಲ ಹ್ಯಾಟ್ರಿಕ್. ಇಷ್ಟಾಗಿ ಮುಂಬೈ ಎಂಟು ತಂಡಗಳಲ್ಲಿ ಆರನೆಯದು. ಮರುವರ್ಷ ಛೆಟ್ರಿಯ ಲೆಕ್ಕದಲ್ಲಿ ಸೊನ್ನೆ, ಮುಂಬೈ ಮಾತ್ರ 23 ಅಂಕದೊಂದಿಗೆ ಪಟ್ಟಿಯ ತುದಿಯಲ್ಲಿ! ಗೋಲು ಎಣಿಸಿ ಬೆಲೆ ಕಟ್ಟುವ ನಿಮ್ಮ ವಿಧಾನ ಈ ಎರಡು ವರ್ಷಗಳ ಮುಂದೆ ನಿಲ್ಲುವುದಿಲ್ಲ. ಹಾಗೆಂದು ಉಲ್ಟಾ ಹೊಡೆದು, ಛೆಟ್ರಿ ಬಂದಿದ್ದರಿಂದಲೇ ಮುಂಬೈ ಮೇಲೇರಿತು ಅಂತ ಹೇಳಬೇಡ. ಅದೂ ಸುಳ್ಳೇ. ಆ ವರ್ಷ ಅಲ್ಲಿ ಉರುಗ್ವೆಯ ಡಿಯೇಗೊ ಫೋರ್ಲಾನ್ ಇದ್ದರು, 37ರ ವಯಸ್ಸಿನಲ್ಲಿ ಐದು ಗೋಲು ಹೊಡೆದರು. ಅದರಲ್ಲಿ ಮೂರು ಕೇರಳದ ಮೇಲೆ ಒಂದೇ ಸಂಜೆ.

ಛೆಟ್ರಿ ಎಲ್ಲಿದ್ದರು ಹಾಗಾದರೆ? ಲೀಗ್ ಶುರುವಾದ ಅಕ್ಟೋಬರ್ 1ರಂದು ಅವರ ಮನಸ್ಸೂ ಕಾಲೂ ಬೆಂಗಳೂರಿನಲ್ಲಿದ್ದವು. ಎಎಫ್‌ಸಿ ಕಪ್ಪಿನ ಸೆಮಿಫೈನಲ್ ಅರ್ಧ ಮುಗಿದು, ಇನ್ನರ್ಧ ಬಾಕಿಯಿತ್ತು. ಎದುರಾಳಿ ಮಲೇಷ್ಯಾದ ಜೊಹೊರ್, ಹಿಂದಿನ ವರ್ಷ ಆ ಕಪ್ ಗೆದ್ದವರೇ. ಅವರ ನೆಲದಲ್ಲಿ 1-1. ಅಕ್ಟೋಬರ್ 19ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಮೊದಲ ಗೋಲು ಬಿದ್ದಿದ್ದು ನಮ್ಮ ಬಲೆಗೇ. ಆಮೇಲೆ ಛೆಟ್ರಿ ಅರ್ಧಸಮಯಕ್ಕೆ ಮುಂಚೆ ಒಂದು, ಅದಾದ ಮೇಲೆ ಇನ್ನೊಂದು ಹೊಡೆದರು. ಹುವಾನನ್ ಮೂರನೆಯದು ಸೇರಿಸಿ 3-1. ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್ ಕಂಡಿದ್ದು ಅದೇ ಮೊದಲು. ನವೆಂಬರ್ 5ಕ್ಕೆ ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದ ಎದುರು ಒಂದೇ ಗೋಲಿನಿಂದ ಸೋತರು. ಇಷ್ಟೆಲ್ಲ ಆದ ಮೇಲೆ ಛೆಟ್ರಿ ಮುಂಬೈ ಹಾದಿ ಹಿಡಿದಿದ್ದು, 32 ವರ್ಷದ ಕಾಲು ಹೊತ್ತು, ಅರ್ಧ ದಾರಿ ದಾಟಿದ್ದ ಲೀಗಿಗೆ.

ಇದನ್ನು ಯಾರ ಖಾತೆಯಲ್ಲಿ ಬರೆಯುತ್ತೀಯ ಹೇಳು. ಕೊಟ್ಟವರ ಖಾತೆಯಲ್ಲಿ ನೋಡಿದರೆ ಲೋನ್ ಚೆನ್ನಾಗಿಯೇ ನಡೆಯಿತು. ತಮಗೆ ಬೇಕಾದ ದೊಡ್ಡ ದಿನಗಳಿಗೆ ನಾಯಕ ತಮ್ಮಲ್ಲೇ ಇದ್ದ, ಬೇಡದ ದಿನಗಳಲ್ಲಿ ಬೇರೆ ಕಡೆ ಆಡುತ್ತ ಮೈ ಬೆಚ್ಚಗಿಟ್ಟುಕೊಂಡ. ಪಡೆದವರ ಖಾತೆಯಲ್ಲಿ ನೋಡಿದರೆ ದುಬಾರಿ ವ್ಯವಹಾರ. ಆದರೆ ಬೆಂಗಳೂರು ಏಷ್ಯಾದ ಕಪ್ಪಿನಲ್ಲಿ ಉಳಿದಷ್ಟು ದಿನ ಛೆಟ್ರಿ ಬರಲಾರರು ಎಂಬುದು ಯಾರೂ ಮುಚ್ಚಿಟ್ಟ ಗುಟ್ಟಲ್ಲ, ಕ್ಯಾಲೆಂಡರಿನಲ್ಲೇ ಇತ್ತು. ತಿಳಿದೂ ಕಾದವರು ಮುಂಬೈಯವರು. ಕೊರತೆ ಅವರ ಎಣಿಕೆಯದ್ದು, ಆಟಗಾರನದ್ದಲ್ಲ.

ಆಟಗಾರನ ಪಾಲಿನ ಕೊರತೆಯೂ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಸೆಮಿಫೈನಲ್ಲಿನ ಮೊದಲ ಪಂದ್ಯವನ್ನು ಮುಂಬೈ ಕೋಲ್ಕತ್ತದಲ್ಲಿ 3-2ರಿಂದ ಸೋತಿತು. ಫೋರ್ಲಾನ್ ಅಲ್ಲೇ ಕೆಂಪು ಕಾರ್ಡ್ ಕಂಡು ಎರಡನೆಯ ಪಂದ್ಯಕ್ಕೆ ಇಲ್ಲವಾದರು. ಮನೆಯಂಗಳದಲ್ಲಿ ಒಂದು ಗೋಲು ಬಂದಿದ್ದರೆ ಲೆಕ್ಕ ಸಮವಾಗುತ್ತಿತ್ತು. ಬರಲಿಲ್ಲ, 0-0. ಕೋಲ್ಕತ್ತ ಮುಂದೆ ಹೋಗಿ ಕಪ್ಪನ್ನೇ ಎತ್ತಿತು. ನೀನು ಆ ಸೊನ್ನೆಯನ್ನು ದೂರಬೇಕೆಂದಿದ್ದರೆ ಇಲ್ಲಿ ದೂರು, ನಾನೂ ದನಿಗೂಡಿಸುತ್ತೇನೆ. ಆರು ಪಂದ್ಯಗಳ ಒಟ್ಟು ಸೊನ್ನೆಗಿಂತ ಆ ಒಂದು ರಾತ್ರಿಯ ಸೊನ್ನೆ ಭಾರದ್ದು.

ಒಂದು ಗೋಲಿನ ತೂಕ ಹೇಗೆ ತಿಂಗಳುಗಳ ನಂತರ ತಿಳಿಯುತ್ತದೆ ಎಂಬುದಕ್ಕೆ ಥಿಯರಿ ಹೆನ್ರಿಯ ಕಥೆ ಕೇಳು. 2011ರ ಡಿಸೆಂಬರಿನಲ್ಲಿ ಆರ್ಸೆನಲ್ ತನ್ನ ಮೈದಾನದ ಹೊರಗೆ ಹೆನ್ರಿಯ ಪ್ರತಿಮೆ ನಿಲ್ಲಿಸಿತು. ಮುಂದಿನ ತಿಂಗಳು ನೋಡಿದರೆ ಅದೇ ಮನುಷ್ಯ ಪ್ಯಾಂಟು ಏರಿಸಿ ಒಳಗೆ ಆಡಲು ತಯಾರು. ವಯಸ್ಸು 34. ಅಮೆರಿಕದಲ್ಲಿ ಅವರ ತಂಡ ನ್ಯೂಯಾರ್ಕ್ ರೆಡ್ ಬುಲ್ಸ್‌ಗೆ ರಜಾಕಾಲ. ಇತ್ತ ಆರ್ಸೆನಲ್‌ನ ಜೆರ್ವಿನ್ಹೊ ಮತ್ತು ಶಮಾಖ್ ಆಫ್ರಿಕಾ ಕಪ್ಪಿಗೆ ಹೊರಟಿದ್ದರು. ಖಾಲಿ ಜಾಗ ಯಾವುದು, ಎಷ್ಟು ದಿನದ್ದು ಎಂಬುದು ಕರೆಯುವವರಿಗೂ ಗೊತ್ತಿತ್ತು, ಬರುವವರಿಗೂ ಗೊತ್ತಿತ್ತು. ಲೀಡ್ಸ್ ಎದುರು ಬದಲಿ ಆಟಗಾರನಾಗಿ ಇಳಿದು ಹತ್ತು ನಿಮಿಷದಲ್ಲಿ ಗೋಲು ಹೊಡೆದಿದ್ದನ್ನು ನೀವೆಲ್ಲ ವಿಡಿಯೊದಲ್ಲಿ ನೋಡಿ ಕುಣಿದಿದ್ದೀರಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಫೆಬ್ರುವರಿ 11ರ ಸಂಡರ್‌ಲ್ಯಾಂಡ್ ಪಂದ್ಯ. 1-1ರಲ್ಲಿ ಮುಗಿಯಬೇಕಿದ್ದ ಆಟ; ಕೊನೆಯ ಗಳಿಗೆಯಲ್ಲಿ ಅರ್ಶಾವಿನ್ ಕೊಟ್ಟ ಚೆಂಡಿಗೆ ಹೆನ್ರಿ ಕಾಲು ಚಾಚಿದರು, 2-1. ಒಂದು ಅಂಕದ ಜಾಗದಲ್ಲಿ ಮೂರು.

ಮೇ ತಿಂಗಳಿಗೆ ಲೀಗ್ ಮುಗಿದಾಗ ಆರ್ಸೆನಲ್‌ಗೆ 70 ಅಂಕ, ಪಕ್ಕದ ಬೀದಿಯ ಹಗೆ ಟಾಟೆನ್‌ಹ್ಯಾಮ್‌ಗೆ 69. ಆ ಎರಡು ಅಂಕ ತೆಗೆದು ನೋಡು, ಆರ್ಸೆನಲ್ ನಾಲ್ಕನೆಯ ಸ್ಥಾನಕ್ಕೆ ಜಾರುತ್ತದೆ. ನಾಲ್ಕಾದರೇನು, ಚಾಂಪಿಯನ್ಸ್ ಲೀಗಿಗೆ ಹೋಗಬಹುದಲ್ಲ ಅನ್ನಬೇಡ. ಆ ವರ್ಷ ಆರನೆಯ ಸ್ಥಾನದಲ್ಲಿದ್ದ ಚೆಲ್ಸಿ ಮ್ಯೂನಿಕ್‌ನಲ್ಲಿ ಯುರೋಪಿನ ಕಪ್ಪನ್ನೇ ಗೆದ್ದು ನಾಲ್ಕನೆಯವರ ಜಾಗ ಕಸಿದುಕೊಂಡಿತು. ಟಾಟೆನ್‌ಹ್ಯಾಮ್ ಕೈಗೆ ಬಂದ ತುತ್ತು ಬಾಯಿಗೆ ಸಿಗದೆ ಕುಳಿತಿತು. ಹೆನ್ರಿ ಆಗ ಊರಲ್ಲಿರಲೂ ಇಲ್ಲ, ಫೆಬ್ರುವರಿಯಲ್ಲೇ ಅಮೆರಿಕಕ್ಕೆ ಮರಳಿದ್ದರು. ಅವರು ಹೊರಟ ದಿನ ಯಾರಾದರೂ ಲೆಕ್ಕ ಕೇಳಿದ್ದರೆ ಕಣ್ಣಿಗೆ ಬೀಳುತ್ತಿದ್ದುದು ಮಿಲಾನ್‌ನಲ್ಲಿ 4-0ರ ಸೋಲು. ಅವರ ಕೊನೆಯ ಪಂದ್ಯ ಅದೇ ತಾನೇ. ಲೀಗ್ ಮುಗಿಯುವ ಮುಂಚೆ ತೀರ್ಪು ಕೊಡಬಾರದು ಅಂತ ನಾನು ಹೇಳುವುದು ಇದಕ್ಕೇ.

ಸ್ವೀಡನ್ನಿನ ಹೆನ್ರಿಕ್ ಲಾರ್ಸನ್ ವಿಷಯ ಚುಟುಕಾಗಿ ಹೇಳುತ್ತೇನೆ. 2007ರ ಜನವರಿಯಿಂದ ಮಾರ್ಚ್‌ವರೆಗೆ ಹೆಲ್ಸಿಂಗ್‌ಬೋರಿನಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. ವಯಸ್ಸು 35, ಪಂದ್ಯ 13, ಗೋಲು 3. ಇನ್ನೂ ಸ್ವಲ್ಪ ದಿನ ಇರಿ ಎಂದು ಯುನೈಟೆಡ್ ಕೇಳಿಕೊಂಡಿತು. ಊರಿನ ತಂಡಕ್ಕೆ ಮಾತು ಕೊಟ್ಟಿದ್ದೇನೆ ಅಂತ ಮನುಷ್ಯ ಹೊರಟೇ ಹೋದ. ತಂಡ ಆ ವರ್ಷ ಲೀಗ್ ಗೆದ್ದಿತು. ಮೂರು ಗೋಲಿನ ಆಟಗಾರನನ್ನು ಉಳಿಸಿಕೊಳ್ಳಲು ಅಷ್ಟು ದೊಡ್ಡ ತಂಡ ಯಾಕೆ ಕೇಳಿಕೊಂಡೀತು ಎಂದು ಯೋಚಿಸು. ಗೋಲಿನ ಪಟ್ಟಿಯಲ್ಲಿ ಸಿಗದಿದ್ದೇನೋ ಅವರಿಗೆ ಸಿಕ್ಕಿರಬೇಕು.

ಅದೇನೆಂದು ತಿಳಿಯಲು ಇಂಗ್ಲೆಂಡಿನವರೆಗೆ ಹೋಗಬೇಕಿಲ್ಲ, ಯಲ್ಲಾಪುರ, ಶಿರಸಿ, ಸಿದ್ದಾಪುರದ ಯಾವ ಯಕ್ಷಗಾನದ ಆಟದ ರಂಗಸ್ಥಳಕ್ಕೆ ಹೋದರೂ ಸಾಕು. ಎರವಲು ಹಿರಿಯರನ್ನು ನಮ್ಮಷ್ಟು ಕರೆಸಿದವರು ಯಾರಿದ್ದಾರೆ? ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ‘ಅತಿಥಿ ಕಲಾವಿದರು’ ಅಂತ ಅಚ್ಚಾದರೆ ಜನ ಸೇರುತ್ತಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದವರು. ಅವರ ಹೆಸರಿದ್ದರೆ ಸಾಕು, ಸುತ್ತಿನ ಊರಿನವರು ಟಾರ್ಚ್ ಹಿಡಿದು ಹೊರಡುತ್ತಿದ್ದರು. ಆದರೆ ಅನುಭವಸ್ಥ ಪ್ರೇಕ್ಷಕ ಅತಿಥಿಯನ್ನು ಅಳೆಯುವುದು ಪ್ರವೇಶಕ್ಕೆ ಬಿದ್ದ ಶಿಳ್ಳೆಯಿಂದಲ್ಲ. ಎದುರು ನಿಂತ ಮಾಣಿಯ ಗತಿ ಏನಾಯಿತು ಅಂತ ನೋಡುತ್ತಾನೆ. ಒಬ್ಬ ಅತಿಥಿ ಬಂದು ಮಾತಿನ ಮಳೆ ಸುರಿಸುತ್ತಾನೆ, ಎದುರು ವೇಷದ ಹುಡುಗ ಕಂಬದಂತೆ ನಿಂತು ಬೆವರುತ್ತಾನೆ. ಬೆಳಿಗ್ಗೆ ಜನ ಅತಿಥಿಯನ್ನು ಹೊಗಳುತ್ತಾರೆ, ಆ ಮಾಣಿ ಮುಂದಿನ ಆಟಕ್ಕೆ ಬರಲು ಹಿಂಜರಿಯುತ್ತಾನೆ. ಇನ್ನೊಬ್ಬ ಹಿರಿಯ ಚೌಕಿಯಲ್ಲಿ ಬಣ್ಣ ಬರೆದುಕೊಳ್ಳುತ್ತಲೇ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ‘ಇಲ್ಲಿ ನಾನು ಹೀಗೆ ಕೇಳುತ್ತೇನೆ, ನೀನು ನಿಧಾನ ಮಾಡು, ಅವಸರ ಬೇಡ’ ಅನ್ನುತ್ತಾನೆ. ಭಾಗವತರಿಗೆ ಹೇಳಿ ತನಗೆ ಬರಬೇಕಿದ್ದ ಒಂದು ಪದ್ಯ ಬಿಡಿಸಿ, ಹುಡುಗನ ಪದ್ಯಕ್ಕೆ ಕುಣಿತ ಬೆಳೆಸಲು ಜಾಗ ಮಾಡುತ್ತಾನೆ. ಆವತ್ತು ಅತಿಥಿಗೆ ಬಿದ್ದ ಚಪ್ಪಾಳೆ ಕಮ್ಮಿ. ಮಾಣಿ ಮಾತ್ರ ಮುಂದಿನ ಹತ್ತು ವರ್ಷಕ್ಕೆ ತಯಾರು. ಈ ಎರಡನೆಯ ಅತಿಥಿಯ ಸಂಭಾವನೆಯೇ ನನ್ನ ಪ್ರಕಾರ ಸಾರ್ಥಕ.

ಹೇಳಬೇಕೆಂದರೆ ಈ ವಿಷಯದಲ್ಲಿ ನಮ್ಮ ಗಂಟೆ ಗಣಪತಿಗೆ ಹರಕೆ ಹೊರುವವರು ಫುಟ್‌ಬಾಲ್ ತಂಡದ ಮಾಲೀಕರಿಗಿಂತ ಜಾಣರು. ಏನು ಆಗಬೇಕು, ಆದರೆ ಎಷ್ಟು ದೊಡ್ಡ ಗಂಟೆ ಕಟ್ಟುತ್ತೇನೆ ಎಂಬುದನ್ನು ಮೊದಲೇ ದೇವರ ಮುಂದೆ ನಿಂತು ಹೇಳಿಬಿಟ್ಟಿರುತ್ತಾರೆ. ಮಗಳ ಮದುವೆಗೆ ಹೊತ್ತ ಹರಕೆಗೆ ಅಡಿಕೆ ದರ ಏರಲಿಲ್ಲ ಅಂತ ಯಾರೂ ಮುನಿಸಿಕೊಳ್ಳುವುದಿಲ್ಲ. ನೀವು ಮಾತ್ರ ಹಿರಿಯ ಆಟಗಾರ ಬರುವ ಮುಂಚೆ ಏನನ್ನೂ ಕೇಳುವುದಿಲ್ಲ, ಹೋದ ಮೇಲೆ ಎಲ್ಲವನ್ನೂ ಕೇಳುತ್ತೀರಿ. ಗೋಲು ಹೊಡೆದರೆ ತರಬೇತಿ ಕೊಡಲಿಲ್ಲ ಅನ್ನುತ್ತೀರಿ, ತರಬೇತಿ ಕೊಟ್ಟರೆ ಗೋಲು ಎಲ್ಲಿ ಅನ್ನುತ್ತೀರಿ.

ಈಗ ನಿಮ್ಮ ವಾಲಿಬಾಲಿಗೆ ಬರೋಣ. ನಮ್ಮ ತಂಡದಲ್ಲಿ ಹೊಡೆಯುವವರಿಗೆ ಬರಗಾಲವಿಲ್ಲ. ನೆಟ್ಟಿನ ಹತ್ತಿರ ಚೆಂಡನ್ನು ಹದವಾಗಿ ಎತ್ತಿಕೊಡುವ ಲಿಫ್ಟರ್ ಮಾಣಿಗೆ ಇನ್ನೂ ಕೈ ಕೂತಿಲ್ಲ. ಸಂದಿಗ್ಧದ ಪಾಯಿಂಟಿನಲ್ಲಿ ಅವನ ಬೆರಳು ನಡುಗುವುದು ಗ್ಯಾಲರಿಗೇ ಕಾಣುತ್ತದೆ. ಹೀಗಿರುವಾಗ ನೀವು ಕರೆಸಹೊರಟ ಹಿರಿಯನೂ ಹೊಡೆಯುವವನೇ! ಹೆಸರಿದೆ, ಎತ್ತರವಿದೆ, ಹತ್ತಾರು ಟ್ರೋಫಿ ಕಂಡವನು, ಎಲ್ಲ ಸರಿ. ಅವನು ಬಂದರೆ ನಮ್ಮ ಇಬ್ಬರು ಹೊಡೆತಗಾರರಲ್ಲಿ ಒಬ್ಬ ಹೊರಗೆ ಕೂರಬೇಕು, ಲಿಫ್ಟರಿನ ಕೈ ನಡುಗುವುದು ಹಾಗೇ ಇರುತ್ತದೆ. ಕಪ್ ಬಂದರೂ ಬರಬಹುದು. ಬಂದರೆ ಅದು ಆ ರಾತ್ರಿಯ ಕಪ್ಪು, ಮುಂದಿನ ವರ್ಷಕ್ಕೆ ಮತ್ತೆ ಅವನಿಗೇ ಫೋನು. ಅದರ ಬದಲು ಲಿಫ್ಟಿಂಗ್ ಗೊತ್ತಿರುವ ಒಬ್ಬ ಹಿರಿಯನನ್ನು ಪಂದ್ಯಕ್ಕೆ ನಾಲ್ಕು ದಿನ ಮುಂಚೆಯೇ ಕರೆದು ಯಾರದಾದರೂ ಮನೆಯಲ್ಲಿ ಉಳಿಸಿಕೊಳ್ಳಿ. ಸಂಜೆ ಅಂಕಣದಲ್ಲಿ ಮಾಣಿಯ ಪಕ್ಕ ನಿಲ್ಲಿಸಿ. ಮೊದಲ ಸುತ್ತು ಸೋತರೂ ಆ ದುಡ್ಡು ದಂಡವಲ್ಲ.

ವಯಸ್ಸಿನ ಬಗ್ಗೆ ಒಂದು ಮಾತು. ಮೂವತ್ತೆರಡಕ್ಕೆ ಛೆಟ್ರಿಯ ಕಥೆ ಮುಗಿಯಿತು ಅಂತ ಆ ಆರು ಪಂದ್ಯ ನೋಡಿ ಯಾರಾದರೂ ಬರೆದಿಟ್ಟುಕೊಂಡಿದ್ದರೆ ಅವರಿಗೆ ಮುಖಭಂಗ ಕಾದಿತ್ತು. 2024-25ರ ಸೂಪರ್ ಲೀಗಿನಲ್ಲಿ, ನಲವತ್ತು ತುಂಬಿದ ಮೇಲೆ, ಅದೇ ಮನುಷ್ಯ ಬೆಂಗಳೂರಿಗಾಗಿ 14 ಗೋಲು ಹೊಡೆದರು. ಹಿರಿಯರ ಒಂದು ಸಣ್ಣ ಅವಧಿ ಕೆಟ್ಟಿತೆಂದರೆ ಹಿರಿಯರು ಕೆಟ್ಟರು ಅಂತಲ್ಲ.

ನನ್ನ ತೀರ್ಪು ಕೇಳುತ್ತೀಯಾದರೆ, 2015ರ ಛೆಟ್ರಿ ಕೊಟ್ಟ ಬೆಲೆಗೆ ಸರಿಯಾಗಿ ಸಿಕ್ಕರು, ತಂಡ ಅವರಿಗೆ ಸರಿಸಮ ಇರಲಿಲ್ಲ. 2016ರದ್ದು ಬೆಂಗಳೂರಿಗೆ ಲಾಭ, ಮುಂಬೈಗೆ ನಷ್ಟ. ಆಟಗಾರನ ತಪ್ಪು ಹುಡುಕುವುದಾದರೆ ಸೆಮಿಫೈನಲ್ಲಿನ ಆ ಒಂದು ರಾತ್ರಿಯಷ್ಟೇ, ಅದಕ್ಕಿಂತ ಹೆಚ್ಚು ಹೊರಿಸಬೇಡಿ. ನಿಮ್ಮ ತಂಡದ ವಿಷಯ ಇನ್ನೂ ನಿಮ್ಮ ಕೈಯಲ್ಲೇ ಇದೆ. ಯಾರನ್ನೇ ಕರೆಯಿರಿ, ಅವನಿಗೆ ಫೋನು ಮಾಡುವ ಮುಂಚೆ ಅವನಿಗಾಗಿ ಹೊರಗೆ ಕೂರಬೇಕಾದ ನಮ್ಮ ಊರಿನ ಹುಡುಗನ ಮನೆಗೆ ಹೋಗಿ, ಕಾರಣ ಹೇಳಿ, ಅವನ ಒಪ್ಪಿಗೆ ಪಡೆದು ಬನ್ನಿ.