ಆಶಾ ಕಾರ್ಯಕರ್ತೆಯ ಹೊಣೆ, ಊರವರ ಹೊಣೆ



ನಿಮ್ಮ ಮನೆಗೆ ಬರುವ ಆಶಾ ಕಾರ್ಯಕರ್ತೆಯು ಸರ್ಕಾರಿ ನೌಕರಳಲ್ಲ. ನಿಮ್ಮ ಊರಿನಿಂದಲೇ ಆರಿಸಲ್ಪಟ್ಟ ಸ್ವಯಂಸೇವಕಿ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕ್ರಮದಂತೆ ಸುಮಾರು 1,000 ಜನರಿಗೆ ಒಬ್ಬಾಕೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಶಿಶುವನ್ನು ಆಕೆ 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಯಲ್ಲಿ ನೋಡತಕ್ಕದ್ದು. ಒಂದು ಭೇಟಿ ತಪ್ಪಿದರೂ ಹಾಲು ಕುಡಿಯದ ಕೂಸಿನ ಕಾಯಿಲೆ ಯಾರ ಕಣ್ಣಿಗೂ ಬೀಳದೆ ಹೋದೀತು.

ಆದುದರಿಂದ ಮಹಿಳಾ ಮಂಡಲವು ಆಕೆಗೆ ನೆರವಾಗಬೇಕು. ತೂಕ, ಜ್ವರ ನೋಡುವುದು ತರಬೇತಿ ಪಡೆದ ಆಕೆಯ ಕೆಲಸ. ಲಸಿಕೆಯ ದಿನವನ್ನು ಮನೆಮನೆಗೆ ತಿಳಿಸುವುದು, ರಾತ್ರಿ ಹೆರಿಗೆನೋವು ಬಂದಾಗ 108ಕ್ಕೆ ಕರೆಮಾಡಿ ಜೊತೆಗೆ ಹೋಗುವುದು ಸದಸ್ಯರ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ಬೀದಿ ಹಂಚಿರಿ, ಸರದಿಯನ್ನು ಬರೆದಿಡಿರಿ. ತಿಂಗಳಿಗೊಮ್ಮೆ ಸಭೆ ಸೇರಿ ಆದ ಕೆಲಸವನ್ನು ಎಲ್ಲರೆದುರು ಮೆಚ್ಚಿರಿ. ತಪ್ಪನ್ನು ಏಕಾಂತದಲ್ಲಿ ತಿದ್ದಿರಿ. ಸೇವೆಗಾಗಿ ಕೈಯಿಂದ ಖರ್ಚಾದ ಬಸ್ಸಿನ ಹಣವನ್ನು ಲೆಕ್ಕ ಬರೆದು ಕೂಡಲೇ ಕೊಡಿರಿ.

ಪತ್ನಿಯು ಸರದಿಗೆ ಹೊರಟ ದಿನ ಪತಿಯು ಒಲೆಯನ್ನೂ ಮಕ್ಕಳನ್ನೂ ನೋಡಿಕೊಳ್ಳಲಿ. ಅದೂ ಸೇವೆಯೇ. ಸ್ವಯಂಸೇವೆಯೆಂದರೆ ಬಿಟ್ಟಿ ದುಡಿಮೆಯಲ್ಲ. ಒಬ್ಬರ ಹೆಗಲ ಭಾರವನ್ನು ಹತ್ತು ಹೆಗಲುಗಳು ಹೊರುವ ಬಗೆ.